ಹೆಣದ ಮುಂದಿನ ಲೆಕ್ಕ: ‘ಸಂಸ್ಕಾರ’ ಮತ್ತು ‘ಗೃಹಭಂಗ’ಗಳ ಒಂದು ದೇವಶಾಸ್ತ್ರೀಯ ಓದು

ಕನ್ನಡ ವಿಮರ್ಶೆಯು ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು (1965) ಬಹುಮಟ್ಟಿಗೆ ಪ್ರಾಣೇಶಾಚಾರ್ಯರ ಆತ್ಮಶೋಧನೆಯ ಕಥೆಯಾಗಿಯೂ ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ವನ್ನು (1970) ನಂಜಮ್ಮನ ಸಹನೆಯ ಕಥೆಯಾಗಿಯೂ ಓದಿಕೊಂಡು ಬಂದಿದೆ. ಈ ಓದುಗಳನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಶವಸಂಸ್ಕಾರದ ದೇವಶಾಸ್ತ್ರವನ್ನು ಬೋಧಿಸುವವರ ಮುಂದೆ ಈ ಕೃತಿಗಳು ಬೇರೊಂದು ಪ್ರಶ್ನೆಯನ್ನು ಇಡುತ್ತವೆ. ಸತ್ತವರನ್ನು ಮಣ್ಣಿಗೋ ಬೆಂಕಿಗೋ ಒಪ್ಪಿಸುವ ವೆಚ್ಚವನ್ನು ಯಾರು ಹೊರಬೇಕು? ಆ ವೆಚ್ಚವು ಬದುಕಿ ಉಳಿದವರ ದುಃಖವನ್ನು ಏನು ಮಾಡುತ್ತದೆ? ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಸೇವೆ ಸಲ್ಲಿಸುವ ಗುರುಗಳಿಗೆ ಇದು ಪುಸ್ತಕದ ಪ್ರಶ್ನೆಯಷ್ಟೇ ಅಲ್ಲ.

‘ಸಂಸ್ಕಾರ’ದಲ್ಲಿ ನಾರಣಪ್ಪನ ಹೆಣ ಬಿದ್ದಿದೆ. ಅದನ್ನು ಎತ್ತುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಆದರೂ ಎತ್ತಲು ಯಾರೂ ಒಲ್ಲರು. ಆಗ ಚಂದ್ರಿ ತನ್ನ ಮೈಮೇಲಿನ ಚಿನ್ನವನ್ನು ಬಿಚ್ಚಿ ಸಂಸ್ಕಾರದ ಖರ್ಚಿಗೆಂದು ಆಚಾರ್ಯರ ಮುಂದೆ ಇಡುತ್ತಾಳೆ. ಕಾದಂಬರಿಯ ನಿಜವಾದ ತಿರುವು ಇಲ್ಲಿದೆ ಎಂದು ನಮ್ಮ ಎಣಿಕೆ. ಚಿನ್ನ ಕಾಣುವ ಮೊದಲು ಆ ಹೆಣ ಯಾರಿಗೂ ಬೇಡದ ಹೊರೆ. ಕಂಡ ಮೇಲೆ ಗರುಡಾಚಾರ್ಯ, ಲಕ್ಷ್ಮಣಾಚಾರ್ಯರಿಬ್ಬರಿಗೂ ಅದು ತಮ್ಮ ತಮ್ಮ ಹಕ್ಕು. ಇಬ್ಬರ ಬಾಯಲ್ಲೂ ಶಾಸ್ತ್ರದ ಮಾತೇ ಇದೆ, ಆದರೆ ಮಾತಿನ ಅರ್ಥ ಬದಲಾಗಿಹೋಗಿದೆ. ಸತ್ತವನಿಗಾಗಿ ಮರುಗುವವಳು ಚಂದ್ರಿಯೊಬ್ಬಳೇ. ಆದರೆ ಅವಳ ಮರುಕಕ್ಕೆ ಶಾಸ್ತ್ರದಲ್ಲಿ ಸ್ಥಾನವಿಲ್ಲ.

ಅದೇ ಕಾದಂಬರಿಯಲ್ಲಿ ಪ್ಲೇಗು ದಲಿತರ ಕೇರಿಗೂ ನುಗ್ಗುತ್ತದೆ. ಅಲ್ಲಿ ಸತ್ತವರನ್ನು ಗುಡಿಸಲಿನ ಸಮೇತ ಸುಟ್ಟುಬಿಡುತ್ತಾರೆ. ಯಾರು ಸಂಸ್ಕಾರ ಮಾಡಬೇಕೆಂಬ ಚರ್ಚೆಯಿಲ್ಲ, ಚಿನ್ನವಿಲ್ಲ, ಮಂತ್ರವಿಲ್ಲ. ಬಾಳಿದ ಮನೆಯೇ ಚಿತೆ. ಅಗ್ರಹಾರದ ಒಂದು ಹೆಣಕ್ಕೆ ಇಡೀ ಕಾದಂಬರಿಯೇ ಮೀಸಲಾದರೆ ಕೇರಿಯ ಹೆಣಗಳಿಗೆ ದೊರೆಯುವುದು ಕೆಲವೇ ಸಾಲು. ಈ ಅಸಮತೆಯನ್ನು ಲೇಖಕರು ಬಲ್ಲರು ಎಂದೇ ನಾವು ಭಾವಿಸುತ್ತೇವೆ. ಆದರೆ ಕಥನವು ಬಹುಬೇಗ ಆಚಾರ್ಯರ ಅಂತರಂಗಕ್ಕೆ ಮರಳುವುದರಿಂದ ಅದು ಓದುಗನ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಇದು ಕೃತಿಯ ಮಿತಿ.

‘ಸಂಸ್ಕಾರ’ದ ಅಗ್ರಹಾರದಲ್ಲಿ ಹಣವಿದೆ, ದುಃಖವಿಲ್ಲ. ‘ಗೃಹಭಂಗ’ದಲ್ಲಿ ದುಃಖವಿದೆ, ಹಣವಿಲ್ಲ. ಈ ಕೃತಿಯ ನೆಲ ನಮ್ಮದೇ. ಭೈರಪ್ಪನವರು 1931ರಲ್ಲಿ ಹುಟ್ಟಿದ್ದು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ. ಗಂಡನ ಶಾನುಭೋಗಿಕೆಯ ಲೆಕ್ಕಗಳನ್ನು ತಾನೇ ಬರೆದು, ಮುತ್ತುಗದ ಎಲೆ ಹಚ್ಚಿ ಮಕ್ಕಳನ್ನು ಸಾಕುವ ನಂಜಮ್ಮ, ಪಾರ್ವತಿ ಮತ್ತು ರಾಮಣ್ಣ ಎಂಬ ಇಬ್ಬರು ಬೆಳೆದ ಮಕ್ಕಳನ್ನು ಪ್ಲೇಗಿನಲ್ಲಿ ಒಟ್ಟೊಟ್ಟಿಗೆ ಕಳೆದುಕೊಳ್ಳುತ್ತಾಳೆ. ಉಳಿದಿರುವ ಮಗನಿಗೆ ಮರುದಿನವೂ ಹಸಿವಾಗುತ್ತದೆ. ಅಳುವುದಕ್ಕೂ ಬಿಡುವು ಬೇಕು; ಆ ಬಿಡುವನ್ನು ಬಡತನ ಕೊಡುವುದಿಲ್ಲ. ಬಡವರು ಬೇಗ ಮರೆಯುತ್ತಾರೆಂದು ಉಳ್ಳವರು ಹೇಳುವುದುಂಟು. ಅದು ಸುಳ್ಳೆಂಬುದನ್ನು ಭೈರಪ್ಪನವರು ವಾದಿಸದೆಯೇ ತೋರಿಸಿದ್ದಾರೆ. ತಮ್ಮನ ಶವವನ್ನು ಬಾಲಕನಾಗಿದ್ದಾಗ ತಾವೇ ಹೆಗಲ ಮೇಲೆ ಹೊತ್ತುಕೊಂಡು ಹೋದದ್ದನ್ನು ‘ಭಿತ್ತಿ’ಯಲ್ಲಿ (1996) ಬರೆದ ಲೇಖಕರಿಗೆ ಹೆಣದ ಭಾರ ರೂಪಕವಾಗಿರಲಿಲ್ಲ.

ಆದರೂ ಒಂದು ಆಕ್ಷೇಪವಿದೆ. ‘ಗೃಹಭಂಗ’ದಲ್ಲಿ ಕೇಡು ಹೆಚ್ಚಾಗಿ ವ್ಯಕ್ತಿಗಳ ಸ್ವಭಾವದಲ್ಲಿ ನೆಲೆಸಿದೆ: ಅತ್ತೆಯ ಕ್ರೌರ್ಯ, ಗಂಡನ ಹೊಟ್ಟೆಬಾಕತನ, ಪುರೋಹಿತರ ದುರಾಸೆ. ಇವರೆಲ್ಲ ಒಳ್ಳೆಯವರಾಗಿದ್ದಿದ್ದರೆ ನಂಜಮ್ಮ ಬದುಕುತ್ತಿದ್ದಳೆಂಬ ಭಾವನೆ ಓದುಗನಲ್ಲಿ ಉಳಿಯುತ್ತದೆ. ಪಾಪವು ವ್ಯಕ್ತಿಯಲ್ಲಿ ಮಾತ್ರವಲ್ಲದೆ ಪದ್ಧತಿಯಲ್ಲೂ ಇರುತ್ತದೆ, ಒಳ್ಳೆಯ ಪುರೋಹಿತನ ಕೈಯಿಂದಲೂ ಅದು ಕೆಲಸಮಾಡುತ್ತದೆ ಎಂಬುದನ್ನು ಈ ಕಾದಂಬರಿ ಸಾಕಷ್ಟು ಕಂಡಿಲ್ಲ. ‘ಸಂಸ್ಕಾರ’ ಕಂಡಿದೆ, ಅಲ್ಲಿ ಆಚಾರ್ಯರು ನಿಜವಾಗಿಯೂ ಸಜ್ಜನರು, ಆದರೂ ಹೆಣ ಕೊಳೆಯುತ್ತದೆ.

ಎರಡೂ ಕೃತಿಗಳು ಒಂದೆಡೆ ಕೂಡುತ್ತವೆ. ನಾರಣಪ್ಪನ ಹೆಣವನ್ನು ಕೊನೆಗೆ ಗಾಡಿಯಲ್ಲಿ ಸಾಗಿಸಿ ಸುಡುವವನು ಮೀನಿನ ವ್ಯಾಪಾರಿ ಅಹಮದ್ ಬ್ಯಾರಿ. ತಾಯಿಯೂ ಸತ್ತ ಮೇಲೆ ವಿಶ್ವನನ್ನು ಕರೆದೊಯ್ಯುವವನು ಭಿಕ್ಷೆಯಿಂದ ಬಾಳುವ ಮಾದೇವಯ್ಯ. ಸ್ವಂತ ಸಮುದಾಯ ಮಾಡದ ಕರುಣೆಯ ಕೆಲಸವನ್ನು ಹೊರಗಿನವನು ಮಾಡುತ್ತಾನೆ. ನಿನಿವೆಯಲ್ಲಿ ಪರದೇಶಿಯಾಗಿದ್ದುಕೊಂಡು ಅನಾಥ ಶವಗಳನ್ನು ಹೂಳಿದ ತೋಬಿತನನ್ನು ಬಲ್ಲ ನಮಗೆ ಈ ಇಬ್ಬರೂ ಅಪರಿಚಿತರಲ್ಲ.

ಪವಿತ್ರ ಗ್ರಂಥವೂ ಈ ಲೆಕ್ಕವನ್ನು ಮರೆಮಾಚುವುದಿಲ್ಲ. ಆದಿಕಾಂಡದ 23ನೆಯ ಅಧ್ಯಾಯದಲ್ಲಿ ಸಾರಳಿಗಾಗಿ ಅತ್ತ ಅಬ್ರಹಾಮನು ಎದ್ದುಬಂದು ಜಾಗದ ಬೆಲೆ ಮಾತಾಡಬೇಕಾಗುತ್ತದೆ. ಎಫ್ರೋನನು ಮೊದಲು ದಾನವೆನ್ನುತ್ತಾನೆ, ಬಳಿಕ ನಮ್ಮಿಬ್ಬರಲ್ಲಿ ಅದೇನು ಮಹಾ ಎಂಬ ಧಾಟಿಯಲ್ಲಿ 400 ಶೆಕೆಲ್ ಬೆಳ್ಳಿಯನ್ನು ಸೂಚಿಸುತ್ತಾನೆ. ಯೆರೆಮೀಯನು ಅನಾತೋತಿನ ಹೊಲವನ್ನು ಕೊಂಡದ್ದು 17 ಶೆಕೆಲ್‌ಗಳಿಗೆ. ಕಾಲ ಬೇರೆಯಾದ್ದರಿಂದ ನೇರ ಹೋಲಿಕೆ ಸಲ್ಲದು; ಆದರೆ ಹೆಣವನ್ನು ಮುಂದಿಟ್ಟುಕೊಂಡವನು ಚೌಕಾಸಿ ಮಾಡಲಾರ ಎಂಬುದು ಸ್ಪಷ್ಟ. ಅಬ್ರಹಾಮನ ಬಳಿ ಬೆಳ್ಳಿಯಿತ್ತು. ಇಲ್ಲದವರ ಗತಿ? ಶವ ಸಾಗಿಸುವ ಖರ್ಚು ಸಾವಿಗಿಂತಲೂ ಕಠಿಣವಾಗಿ, ಬಂಧುಗಳು ಹೆಣ ಬಿಟ್ಟು ಓಡಿಹೋಗುತ್ತಿದ್ದ ಕಾಲವನ್ನು ಯೆಹೂದ್ಯರ ತಾಲ್ಮುದ್ ನೆನೆಯುತ್ತದೆ. ರಬ್ಬಾನ್ ಗಮಲಿಯೇಲರು ತಮ್ಮನ್ನು ಸಾದಾ ನಾರುಬಟ್ಟೆಯಲ್ಲಿ ಸಾಗಿಸುವಂತೆ ಮಾಡಿದ ಮೇಲೆ ಜನರೂ ಹಾಗೆಯೇ ನಡೆದರು. ಮೊದಲು ಬದಲಾದದ್ದು ದೊಡ್ಡವರ ಶವಯಾತ್ರೆ ಎಂಬುದು ಗಮನಾರ್ಹ. ಬಡವರಿಗೆ ಸರಳತೆಯನ್ನು ಉಪದೇಶಿಸುವುದು ಸುಲಭ. ಉಳ್ಳವರು ಅದನ್ನು ಆರಿಸಿಕೊಂಡಾಗಲೇ ಬಡವರ ಅವಮಾನ ನೀಗುತ್ತದೆ.

ನಮ್ಮ ಪರಂಪರೆಯ ಮಾತೂ ಅದೇ. ಬಡವರ ಊಟಕ್ಕೂ ಅವರ ಶವಸಂಸ್ಕಾರಕ್ಕೂ ವಿಶ್ವಾಸಿಗಳ ಸಾಮಾನ್ಯ ನಿಧಿ ವೆಚ್ಚವಾಗುತ್ತಿತ್ತೆಂದು ತೆರ್ತುಲ್ಲಿಯನ್ ಬರೆದಿದ್ದಾರೆ. ಶವಯಾತ್ರೆಯ ವೈಭವವು ಸತ್ತವರಿಗೆ ನೆರವಲ್ಲ, ಬದುಕಿರುವವರಿಗೆ ಸಾಂತ್ವನವೆಂಬುದು ಸಂತ ಅಗಸ್ಟೀನರ ವಿವೇಕ. ದೈವಾರಾಧನೆಯಲ್ಲಿ ವ್ಯಕ್ತಿಗಳಿಗಾಗಲಿ ವರ್ಗಗಳಿಗಾಗಲಿ ವಿಶೇಷ ಮನ್ನಣೆ ಸಲ್ಲದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ವಿಧಿಸಿತು. 1983ರ ಧರ್ಮಸಭೆಯ ಕಾನೂನಿನ 1181ನೆಯ ಕಟ್ಟಳೆ ಶವಸಂಸ್ಕಾರದಲ್ಲಿ ಮುಖ ನೋಡಿ ಮಣೆ ಹಾಕುವುದನ್ನು ನಿಷೇಧಿಸಿ, ಬಡವರು ಯೋಗ್ಯ ಸಂಸ್ಕಾರದಿಂದ ವಂಚಿತರಾಗಬಾರದೆನ್ನುತ್ತದೆ.

ಈ ಕಟ್ಟಳೆ ಬಲಿಪೂಜೆಯ ಕಾಣಿಕೆಯ ಪ್ರಮಾಣಕ್ಕೆ ಮಾತ್ರ ಸೀಮಿತವೆಂದು ತಿಳಿದರೆ ಸಾಲದು. ಪೆಟ್ಟಿಗೆ, ವಾಹನ, ಹೂವು, ಏಳನೆಯ ದಿನದ ಊಟ, ಸಮಾಧಿಯ ಮೇಲಿನ ಗ್ರಾನೈಟ್ ಕಲ್ಲು: ಇವುಗಳಲ್ಲಿ ಒಂದನ್ನೂ ಧರ್ಮಸಭೆ ಕೇಳುವುದಿಲ್ಲ, ಆದರೆ ನೆರೆಯವರ ಕಣ್ಣು ಕೇಳುತ್ತದೆ. ಸಾಲ ಮಾಡಿ ಊಟ ಹಾಕಿದವನನ್ನು ದುಂದುಗಾರನೆಂದು ಹಳಿಯುವ ಪ್ರಬೋಧನೆ ಚಂದ್ರಿಯನ್ನು ಅರಿಯದು. ತಾನು ಪ್ರೀತಿಸಿದವನು ಅನಾಥ ಹೆಣವಾಗಬಾರದೆಂದೇ ಅವಳು ಚಿನ್ನ ಇಟ್ಟಳು. ಬಡವನ ಸಾಲದಲ್ಲಿಯೂ ಇರುವುದು ಅದೇ ಪ್ರೀತಿ. ತಪ್ಪು ಆ ಪ್ರೀತಿಗೆ ಬೆಲೆ ಕಟ್ಟಿ ವಸೂಲು ಮಾಡುವ ಪದ್ಧತಿಯದು.

ಆದ್ದರಿಂದ ಧರ್ಮಕೇಂದ್ರದ ನಿಧಿಯಿಂದಲೇ ಎಲ್ಲರಿಗೂ ಒಂದೇ ಬಗೆಯ ಪೆಟ್ಟಿಗೆ, ಒಂದೇ ಅಳತೆಯ ಶಿಲುಬೆ ದೊರೆಯಬೇಕು. ತೋಟದ ಮಾಲೀಕನಿಗೂ ತೋಟದ ಆಳಿಗೂ ವ್ಯತ್ಯಾಸವಿರಬಾರದು. ಏಳನೆಯ ದಿನದ ಊಟವನ್ನು ಸಾವಿನ ಮನೆಯವರು ನೆರೆಯವರಿಗೆ ಹಾಕುವ ಬದಲು ನೆರೆಯವರು ಸಾವಿನ ಮನೆಗೆ ತರಬೇಕು. ಈ ಕ್ರಮವನ್ನು ಊರಿನ ಅನುಕೂಲಸ್ಥರೂ ಗುರುಗಳಾದ ನಾವೂ ನಮ್ಮ ಸ್ವಂತ ಸಾವಿನಿಂದಲೇ ಆರಂಭಿಸುವುದು ಲೇಸು. ಪುನರುತ್ಥಾನವನ್ನು ನಂಬುವ ಸಭೆ ತನ್ನ ಸತ್ತವರನ್ನು ಹೇಗೆ ಹೊರುತ್ತದೆ ಎಂಬುದನ್ನು ಹೊರಗಿನವರೂ ನೋಡುತ್ತಿರುತ್ತಾರೆ. ಅವರಲ್ಲಿ ಒಬ್ಬ ಅಹಮದ್ ಬ್ಯಾರಿಯೂ ಇರಬಹುದು.