ಏನಾಗಿತ್ತು ಎಂದು ಕೇಳದವನು

ಡಿವಿಜಿ 1936ರಲ್ಲಿ ಕನ್ನಡಕ್ಕೆ ತಂದ ‘ಮ್ಯಾಕ್‌ಬೆತ್’ ನಾಟಕ. ಐದನೆಯ ಅಂಕ, ಐದನೆಯ ದೃಶ್ಯ. ಡನ್ಸಿನೇನ್ ಕೋಟೆಯತ್ತ ಶತ್ರುಸೇನೆ ಬರುತ್ತಿದೆ. ಇಲ್ಲಿಯ ಇಪ್ಪತ್ತು ಚಿಲ್ಲರೆ ಸಾಲುಗಳನ್ನಷ್ಟೇ ನೋಡೋಣ.

ಮೊದಲ ಸಾಲು. ಒಳಗಿನಿಂದ ಹೆಂಗಸರ ಗೋಳು. ಅದೇನು ಸದ್ದು ಎನ್ನುತ್ತಾನೆ ಮ್ಯಾಕ್‌ಬೆತ್. ಹೆಂಗಸರ ಅಳು ಎನ್ನುತ್ತಾನೆ ಸೇವಕ ಸೇಟನ್. ತನ್ನ ಮನೆಯ ಅಳು ಇವನ ಕಿವಿಗೆ ಬರೀ ಸದ್ದು. ದೊರೆ ಡಂಕನ್ನನನ್ನು ಕೊಂದ ರಾತ್ರಿ ಬಾಗಿಲು ಬಡಿದದ್ದಕ್ಕೇ ಬೆಚ್ಚಿಬಿದ್ದವನು ಇವನೇ.

ಮುಂದಿನ ಏಳು ಸಾಲು. ಭಯದ ರುಚಿಯೇ ಮರೆತುಹೋಗಿದೆಯಂತೆ. ಹಿಂದೆಲ್ಲ ಭಯಂಕರ ಕಥೆ ಕೇಳಿದರೂ ತಲೆಗೂದಲು ನೆಟ್ಟಗಾಗುತ್ತಿತ್ತಂತೆ. ಈಗ ಘೋರವನ್ನು ಹೊಟ್ಟೆತುಂಬ ಉಂಡಾಗಿದೆ. ರುಚಿ, ಊಟ: ಮಾತೆಲ್ಲ ಪಂಕ್ತಿಯದು. ಪಟ್ಟವೇರಿದ ಮೇಲೆ ಇಟ್ಟ ಔತಣದಲ್ಲಿ, ತಾನೇ ಕೊಲ್ಲಿಸಿದ ಬ್ಯಾಂಕೋ ಬಂದು ತನ್ನ ಪೀಠದಲ್ಲಿ ಕುಳಿತಂತಾಗಿ, ಊಟ ಅರ್ಧಕ್ಕೇ ಮುರಿದಿತ್ತು. ಆಗಲಾದರೂ ನಡುಗಿದ್ದ. ಹೆದರಿಕೆ ಹೋದದ್ದನ್ನು ಧೈರ್ಯವೆಂದು ಓದುವವರಿದ್ದಾರೆ. ನನಗೆ ಹಾಗನ್ನಿಸದು, ಮರಗಟ್ಟಿದ ಕೈಗೆ ಕೆಂಡ ಸುಡುವುದಿಲ್ಲ, ಅಷ್ಟೆ.

ಆಮೇಲೆ ಒಂದೇ ಸಾಲು: ರಾಣಿ ಸತ್ತಳು.

ಅದಕ್ಕೆ ಮ್ಯಾಕ್‌ಬೆತ್ ಕೊಟ್ಟ ಉತ್ತರದ ಮೇಲೆ ಪಂಡಿತರ ಜಗಳ ಮುಗಿದಿಲ್ಲ. ಎಂದಾದರೂ ಸಾಯಲೇಬೇಕಿತ್ತು ಎಂದನೇ, ಇನ್ನಷ್ಟು ದಿನ ತಡೆದು ಸಾಯಬಾರದಿತ್ತೇ ಎಂದನೇ? ಮರುಸಾಲಿನಲ್ಲಿ ಅಂಥ ಮಾತಿಗೆ ಬೇರೆ ಹೊತ್ತು ಸಿಗುತ್ತಿತ್ತು ಎನ್ನುವುದರಿಂದ ಎರಡನೆಯದೇ ಸರಿ ಎಂದು ನನ್ನ ಮತ. ಅಳುವುದಕ್ಕೂ ಪುರುಸೊತ್ತಿಲ್ಲ. ನಮ್ಮಲ್ಲಿ ಸಾವಿನ ಸುದ್ದಿ ಬಂದರೆ ಪರಿಚಯವಿಲ್ಲದವರೂ ‘ಅಯ್ಯೋ, ಏನಾಗಿತ್ತು?’ ಎನ್ನುತ್ತಾರೆ. ಪತ್ರದಲ್ಲಿ ಅವಳನ್ನು ತನ್ನ ಹಿರಿಮೆಯ ಪಾಲುಗಾತಿ ಎಂದು ಕರೆದಿದ್ದ ಗಂಡ ಅಷ್ಟನ್ನೂ ಕೇಳುವುದಿಲ್ಲ.

ಇನ್ನು ಅವನ ಬಾಯಲ್ಲಿ ‘ನಾಳೆ’, ಮೂರು ಸಲ. ಈ ಪದ ಮೊದಲನೆಯ ಅಂಕದಲ್ಲೇ ಗಂಡಹೆಂಡಿರ ನಡುವೆ ಆಡಿತ್ತು. ಡಂಕನ್ ಎಂದು ಹೊರಡುತ್ತಾನೆ ಎಂದು ಅವಳು ಕೇಳಿದ್ದಳು. ನಾಳೆ ಎಂದಿದ್ದ ಇವನು. ಆ ನಾಳೆಯನ್ನು ಸೂರ್ಯ ಕಾಣಬಾರದು ಎಂದಿದ್ದಳು ಅವಳು. ಒಬ್ಬ ಮುದುಕನಿಂದ ಕಿತ್ತುಕೊಂಡ ನಾಳೆ ಈಗ ಕುಂಟುತ್ತಾ ಇವರದೇ ಮನೆಗೆ ಬಂದಿದೆ.

ಆಮೇಲೆ ಬರುವ, ಮೋಂಬತ್ತಿಗೆ ಆರಿಹೋಗು ಎನ್ನುವ ಸಾಲನ್ನು ತತ್ತ್ವವೆಂದು ಬಿಡಿಯಾಗಿ ಓದಿದರೆ ನಷ್ಟ. ಇದೇ ಅಂಕದ ಮೊದಲ ದೃಶ್ಯದಲ್ಲಿ ರಾಣಿ ನಿದ್ದೆಗಣ್ಣಿನಲ್ಲಿ ಮೋಂಬತ್ತಿ ಹಿಡಿದು ಓಡಾಡುತ್ತಾಳೆ, ಅಂಗೈ ಉಜ್ಜುತ್ತಾಳೆ. ಪಕ್ಕದಲ್ಲಿ ಸದಾ ದೀಪ ಇರಬೇಕೆಂಬುದು ಅವಳದೇ ಅಪ್ಪಣೆ. ವೈದ್ಯ ಕಂಡಿದ್ದಾನೆ, ದಾಸಿ ಕಂಡಿದ್ದಾಳೆ. ಗಂಡ ಆ ದೃಶ್ಯದಲ್ಲೇ ಇಲ್ಲ. ಆರಿಹೋಗು ಎಂದು ಅವನು ಹೇಳುವ ಹೊತ್ತಿಗೆ ಆ ದೀಪ ಆರಿಯಾಗಿದೆ.

ಬಾಳಿಗೆ ನಟನ ಹೋಲಿಕೆ ಸುಪ್ರಸಿದ್ಧ, ಬಿಡೋಣ. ಕೊನೆಗೆ ಬಾಳೆಂದರೆ ಹುಚ್ಚ ಹೇಳಿದ ಕಥೆ, ಬರೀ ಗದ್ದಲ, ಅರ್ಥ ಸೊನ್ನೆ. ಮತ್ತೆ ಸದ್ದಿನ ಮಾತೇ.

ಮರುಕ್ಷಣ ದೂತ ಬರುತ್ತಾನೆ. ಬರ್ನಮ್ ಕಾಡು ನಡೆದು ಬರುತ್ತಿದೆಯಂತೆ. ಆ ಕಾಡು ಎದ್ದು ಬರುವವರೆಗೆ ಸೋಲಿಲ್ಲ ಎಂಬ ಭವಿಷ್ಯವನ್ನು ನಂಬಿದ್ದವನು ಇವನು. ಈಗ ಕಿವಿ ಚುರುಕಾಗುತ್ತದೆ: ಸುಳ್ಳಾಡಿದರೆ ಮರಕ್ಕೆ ಜೀವಂತ ನೇತುಹಾಕಿ ಉಪವಾಸ ಕೆಡವುತ್ತೇನೆ ಎಂದು ಅಬ್ಬರಿಸುತ್ತಾನೆ.