ಗೋದಾವರಿಯ ನೆರೆಯೂ ರನ್ನನ ರಣಭೂಮಿಯೂ

ಕುರ್ತಕೋಟಿಯಿಂದ ಹೊರಟು ಗದಗನ್ನು ದಾಟಿ ಮೂಡಲಿಗೆ ಹೋದರೆ ಲಕ್ಕುಂಡಿ. ಅಲ್ಲಿಯ ಬ್ರಹ್ಮಜಿನಾಲಯವನ್ನು ನೋಡದವರು ನಮ್ಮ ವಾಚಕರಲ್ಲಿ ವಿರಳ. ಅದನ್ನು ಕಟ್ಟಿಸಿದ ಅತ್ತಿಮಬ್ಬೆಯನ್ನು 1007ರ ಶಾಸನವು ಕೊಂಡಾಡುವಾಗ ಒಂದು ಪವಾಡವನ್ನು ಹೇಳುವದು. ಆಕೆಯು ಜಿನಬಿಂಬವನ್ನು ತಲೆಯ ಮೇಲೆ ಹೊತ್ತು ನೆರೆಯೇರಿದ ಗೋದಾವರಿಯಲ್ಲಿ ಇಳಿಯಲು, ಪ್ರವಾಹವು ತಗ್ಗಿತಂತೆ. ಇದು ನಡೆದುದೋ ಇಲ್ಲವೋ ಎಂಬ ವಿಚಾರವನ್ನು ಇತಿಹಾಸಕಾರರಿಗೆ ಬಿಡೋಣ. ಕಲ್ಪನೆಯೊಳಗೆ ಹರಿಯುವ ಈ ಹೊಳೆಯ ಅರ್ಥವೇನೆಂಬುದೇ ಸಾಹಿತ್ಯಪ್ರಿಯರು ಕೇಳತಕ್ಕ ಪ್ರಶ್ನೆ.

ಆ ಕಾಲದ ಗೋದಾವರಿಯು ಬರಿಯ ಪುಣ್ಯತೀರ್ಥವಾಗಿರಲಿಲ್ಲ. ಯುದ್ಧದ ಎಲ್ಲೆಯೂ ಆಗಿದ್ದಿತು. ಮಾಳವದ ಮುಂಜನಿಗೆ ಅವನ ಮಂತ್ರಿಯಾದ ರುದ್ರಾದಿತ್ಯನು ಆ ಹೊಳೆಯನ್ನು ದಾಟಬೇಡವೆಂದು ಬೇಡಿಕೊಂಡನೆಂದೂ, ದಾಟಿದ ಮುಂಜನು ಚಾಲುಕ್ಯ ತೈಲಪನ ಸೆರೆಯಾಗಿ ಮಡಿದನೆಂದೂ ಮೇರುತುಂಗನು ತನ್ನ ‘ಪ್ರಬಂಧಚಿಂತಾಮಣಿ’ಯಲ್ಲಿ ಬರೆದಿರುವನು. ಅತ್ತಿಮಬ್ಬೆಯ ಪತಿ ನಾಗದೇವನು ಇದೇ ತೈಲಪನ ದಂಡನಾಯಕ. ಆದುದರಿಂದ ಆಕೆಯ ಮನೆತನಕ್ಕೆ ಗೋದಾವರಿಯೆಂದರೆ ದೂರದ ಹೆಸರಲ್ಲ. ಗಂಡಸರು ಹೋಗಿ ಮರಳದೆ ಇರಬಹುದಾದ ದಾರಿ.

ಪವಾಡವನ್ನು ಹೇಳುವವರು ಪ್ರಾಯಶಃ ನೀರು ತಗ್ಗಿದಲ್ಲಿಗೆ ಕಥೆಯನ್ನು ಮುಗಿಸುವರು. ಇದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ನಾಗದೇವನು ಕಾಳಗದಲ್ಲಿ ಮಡಿದನು. ಅವನ ಇನ್ನೊಬ್ಬ ಹೆಂಡತಿಯೂ ಅತ್ತಿಮಬ್ಬೆಯ ತಂಗಿಯೂ ಆದ ಗುಂಡಮಬ್ಬೆಯು ಸಹಗಮನ ಮಾಡಿದಳು. ಅಕ್ಕನು ಎಳೆಯ ಮಗನಿಗಾಗಿ ಉಳಿದಳು. ನೀರು ದಾರಿ ಕೊಟ್ಟರೂ ಮೃತ್ಯುವು ಕೊಡಲಿಲ್ಲ! ಉಳಿದ ಬಾಳನ್ನು ಆಕೆಯು ದಾನಕ್ಕೂ ವಿದ್ಯೆಗೂ ಮೀಸಲಿಟ್ಟು, ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ನಮ್ಮ ದೃಷ್ಟಿಯಲ್ಲಿ ದೊಡ್ಡ ಪವಾಡವು ಇದೇ.

ಬೈಬಲ್ಲಿನ ಮೋಶೆಯ ಕಥೆಯಲ್ಲಿಯೂ ಕಡಲು ಸೀಳಿ ದಾರಿಯಾಗುವದು. ಆದರೆ ಅದೇ ಕಡಲು ಮತ್ತೆ ಕೂಡಿಕೊಂಡು ವೈರಿಸೈನ್ಯವನ್ನು ನುಂಗುವದು. ಅತ್ತಿಮಬ್ಬೆಯ ಗೋದಾವರಿಯು ಯಾರನ್ನೂ ಮುಳುಗಿಸುವದಿಲ್ಲ. ಈ ಭೇದವು ರಸಿಕರ ಗಮನಕ್ಕೆ ಬರತಕ್ಕದ್ದು.

ಇನ್ನು ರನ್ನನನ್ನು ನೋಡೋಣ. ಮುಧೋಳದ ಈ ಕವಿಯು ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ರಚಿಸಿ, ಆ ಮನೆಯ ದುಃಖವನ್ನೂ ಅದರಲ್ಲಿ ಹೇಳಿದನು. ಅವನ ಗದಾಯುದ್ಧದಲ್ಲಿ ದುರ್ಯೋಧನನು ಸಂಜಯನೊಡನೆ ಹೆಣಗಳ ನಡುವೆ ನಡೆಯುವನು. ನೆತ್ತರ ಆ ಹೊಳೆಯು ಯಾರಿಗೂ ತಗ್ಗುವದಿಲ್ಲ. ಹೆಜ್ಜೆಹೆಜ್ಜೆಗೂ ಪರಿಚಿತ ಮುಖ: ದ್ರೋಣನ ಹೆಣ, ದುಶ್ಶಾಸನನ ಹೆಣ, ಮಗ ಲಕ್ಷಣಕುಮಾರನ ಹೆಣ, ಕರ್ಣನ ಹೆಣ. ಮರುಳುಗಳು ಸಹ ಅರಸನನ್ನು ಹಾಸ್ಯ ಮಾಡುವವು. ಕೊನೆಗೆ ಅವನಿಗೆ ದೊರೆಯುವದು ದಡವಲ್ಲ, ವೈಶಂಪಾಯನ ಸರೋವರದ ತಳ.

ಇದು ಅಧರ್ಮಿಗೆ ತಕ್ಕ ಶಿಕ್ಷೆಯೆಂದು ಕೆಲವರು ಅನ್ನಬಹುದು. ರನ್ನನು ಅಷ್ಟಕ್ಕೇ ನಿಂತಿದ್ದರೆ ಅವನ ಕಾವ್ಯವು ನೀತಿಪಾಠವಾಗುತ್ತಿದ್ದಿತು. ಆದರೆ ಅವನು ದುರ್ಯೋಧನನಿಂದ ವೈರಿಯ ಮಗನಾದ ಅಭಿಮನ್ಯುವಿನ ಶೌರ್ಯವನ್ನು ಹೊಗಳಿಸಿದನು, ಕರ್ಣನಿಗಾಗಿ ಅಳಿಸಿದನು. ತನ್ನ ಪ್ರಭು ಸತ್ಯಾಶ್ರಯನನ್ನು ಭೀಮನಿಗೆ ಸರಿಗಟ್ಟಿ ಹೊಗಳಬೇಕಾಗಿದ್ದ ಆಸ್ಥಾನಕವಿಯು ಸೋತವನ ಶೋಕಕ್ಕೆ ಇಷ್ಟು ಎಡೆಗೊಟ್ಟುದು ಸಾಮಾನ್ಯವಾದ ಧೈರ್ಯವಲ್ಲ. ಯುದ್ಧದಲ್ಲಿ ಗಂಡನನ್ನು ಕಳಕೊಂಡವಳ ಮನೆಯ ಅನ್ನವನ್ನು ಉಂಡ ಕವಿಗೆ ಆ ಶೋಕದ ರುಚಿಯು ತಿಳಿದಿದ್ದಿತೆಂದು ಊಹಿಸಿದರೆ ತಪ್ಪಾಗಲಾರದು.

ಹೀಗೆ ಶಾಸನದ ಹೊಳೆಯು ಭಕ್ತಿಗೆ ಬಾಗುವದು. ಕಾವ್ಯದ ಹೊಳೆಯು ಯಾರಿಗೂ ಬಾಗುವದಿಲ್ಲ. ಮನೆಯ ಮಕ್ಕಳಿಗೆ ಮೊದಲನೆಯದನ್ನು ಹೇಳುವ ತಾಯಿತಂದೆಗಳು ಎರಡನೆಯದನ್ನೂ ಹೇಳಲಿ. ಒಂದರಿಂದ ಶ್ರದ್ಧೆಯೂ ಇನ್ನೊಂದರಿಂದ ವಿವೇಕವೂ ಬರುವವು. ಬಾಳಿನ ನೆರೆಯಲ್ಲಿ ಇಳಿಯುವವರಿಗೆ ಎರಡೂ ಬೇಕು.