ಬೂಸಾಕ್ಕೂ ಮೊದಲಿನ ಭೀಮಸೇನೆ

ನಮ್ಮ ಚಳವಳಿಯ ಚರಿತ್ರೆ ಬರೆಯುವವರಿಗೆ ಒಂದು ಚಾಳಿ ಬಿದ್ದಿದೆ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದರು, ಗಲಭೆ ಎದ್ದಿತು, ಮಂತ್ರಿಗಿರಿ ಹೋಯಿತು, ದಲಿತರು ಎಚ್ಚೆತ್ತರು. ಆಮೇಲೆ ದಲಿತ ಸಂಘರ್ಷ ಸಮಿತಿ, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ. ಸುಳ್ಳಲ್ಲ. ಆದರೆ ಭಾಲ್ಕಿ ತಾಲೂಕಿನ ಖಟಕ ಚಿಂಚೋಳಿಯಲ್ಲಿ ನಿಂತು ನೋಡಿದರೆ ಈ ಲೆಕ್ಕ ಕೂಡುವುದಿಲ್ಲ. 1956ರ ನವೆಂಬರ್ 1ರ ತನಕ ಬೀದರ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಇಲ್ಲಿಗೆ ಮೈಸೂರು ದೂರ, ಹೈದರಾಬಾದ್ ಹತ್ತಿರ. ಬೂಸಾ ಗಲಾಟೆಗೆ ಐದು ವರ್ಷ ಮೊದಲೇ, 1968ರಲ್ಲಿ, ಗುಲ್ಬರ್ಗಾದಲ್ಲಿ ಬಿ. ಶ್ಯಾಮಸುಂದರ್ ಭೀಮಸೇನೆ ಕಟ್ಟಿದರು. ಮುಂಬಯಿಯ ದಲಿತ ಪ್ಯಾಂಥರ್ಸ್ ಹುಟ್ಟಿದ್ದೂ ಆಮೇಲೆಯೇ, 1972ರಲ್ಲಿ.

ಹಾಗಾದರೆ ಇವರ ಹೆಸರು ನಮ್ಮ ಲೇಖನಗಳಲ್ಲಿ ಯಾಕೆ ಒಂದು ಸಾಲಿಗೆ ಮುಗಿಯುತ್ತದೆ? ಮೊದಲ ಕಾರಣ ಭಾಷೆ. ಔರಂಗಾಬಾದಿನಲ್ಲಿ 1908ರಲ್ಲಿ ಹುಟ್ಟಿ, ಉರ್ದು ಮಾಧ್ಯಮದ ಉಸ್ಮಾನಿಯಾದಲ್ಲಿ ಓದಿದವರು ಅವರು. ಮೈಸೂರು ರಾಜ್ಯದ ಶಾಸಕರೂ ಆಗಿದ್ದರು, ಆದರೆ ಕನ್ನಡದ ಸಾಹಿತ್ಯಜಗಳದಲ್ಲಿ ಇರಲಿಲ್ಲ. ನಾವೋ, ಕವಿಗೋಷ್ಠಿಯಲ್ಲಿ ನಡೆಯದ್ದು ಚಳವಳಿಯೇ ಅಲ್ಲ ಅನ್ನುವ ಹಾಗೆ ಬರೆಯುತ್ತೇವೆ!

ಎರಡನೆಯ ಕಾರಣ ನಿಜಾಮ. ಇದನ್ನು ಮುಚ್ಚಿಡಬೇಕಾಗಿಲ್ಲ. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಹೈದರಾಬಾದಿಗೆ ನುಗ್ಗಿದಾಗ, ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಒಯ್ದ ನಿಜಾಮನ ನಿಯೋಗದಲ್ಲಿ ಶ್ಯಾಮಸುಂದರ್ ಇದ್ದರು. ಅದಕ್ಕೂ ಹಿಂದಿನ ವರ್ಷವೇ ಬಾಬಾಸಾಹೇಬರು, ಪರಿಶಿಷ್ಟರು ನಿಜಾಮನ ಪಕ್ಷ ವಹಿಸಬಾರದು ಎಂದು ಖಡಾಖಂಡಿತವಾಗಿ ಹೇಳಿದ್ದರು. ಇಲ್ಲಿ ಬಾಬಾಸಾಹೇಬರೇ ಸರಿ ಎಂಬುದು ನನ್ನ ಅಭಿಪ್ರಾಯ. ದಲಿತ ಮಕ್ಕಳ ಶಿಕ್ಷಣಕ್ಕೆ ನಿಜಾಮ ಕೋಟಿ ರೂಪಾಯಿ ನಿಧಿ ಇಟ್ಟ ಅಂತ ಹೊಗಳುತ್ತಾರೆ. ಆ ಕೋಟಿ ಎಲ್ಲಿಂದ ಬಂತು? ಜಾಗೀರುದಾರ, ದೇಶಮುಖರ ಹೊಲದಲ್ಲಿ ಬಿಟ್ಟಿ ದುಡಿದ ಬೆನ್ನುಗಳಿಂದ. ಆ ಹೊಲಗಳ ಕಾವಲಿಗಿದ್ದ ಸಿಂಹಾಸನದ ಹತ್ತಿರ ಸಮಾನತೆ ಬೇಡಿದರೆ ಹ್ಯಾಂಗ ಸಿಕ್ಕೀತು?

ಆದರೆ ಇಷ್ಟಕ್ಕೇ ಅವರನ್ನು ತಳ್ಳಿಹಾಕುವ 'ವಿಮೋಚನೆ'ಯ ವೀರರನ್ನೂ ಒಂದು ಮಾತು ಕೇಳಬೇಕು. ನಿಜಾಮ ಹೋದ ಮೇಲೆ ಕೇರಿಗೆ ಎಷ್ಟು ಎಕರೆ ಬಂತು? 1974ರ ಭೂಸುಧಾರಣೆ ತಿದ್ದುಪಡಿ ಕೂಡ ಮುಖ್ಯವಾಗಿ ಕೈಹಿಡಿದದ್ದು ಗೇಣಿದಾರನನ್ನು. ಗೇಣಿಚೀಟಿಯೇ ಇಲ್ಲದ ಕೂಲಿಯವನು ಕೂಲಿಯವನಾಗೇ ಉಳಿದ. ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ನಡೆದ ಮುಸಲ್ಮಾನರ ಕಗ್ಗೊಲೆಯಲ್ಲಿ ಅತಿ ಹೆಚ್ಚು ನರಳಿದ ನಾಲ್ಕು ಜಿಲ್ಲೆಗಳಲ್ಲಿ ಬೀದರವನ್ನೂ ಸುಂದರಲಾಲ್ ಸಮಿತಿ ಎಣಿಸಿತು. ಆ ವರದಿಯನ್ನು ಸರಕಾರ ದಶಕಗಳ ಕಾಲ ಹೊರಗೆ ಬಿಡಲಿಲ್ಲ. ಅಂಥ ನೆಲದಲ್ಲಿ ದಲಿತ-ಮುಸ್ಲಿಂ ಒಗ್ಗಟ್ಟು ಎಂದು ಬಾಯಿಬಿಡಲು ಗುಂಡಿಗೆ ಬೇಕಿತ್ತು. ಶ್ಯಾಮಸುಂದರ್ ಆ ಮಾತು ಬಿಡಲಿಲ್ಲ. ನಿಜಾಮನ ನಿಯೋಗದಲ್ಲಿ ಹೋದದ್ದಕ್ಕಿಂತ ಇದು ದೊಡ್ಡದು, ಯಾಕಂದರೆ ಈಗ ಕೊಡಲಿಕ್ಕೆ ಯಾವ ನಿಜಾಮನೂ ಇರಲಿಲ್ಲ.

ದಲಿತರು ಹಿಂದೂಗಳಲ್ಲ, ಮೂಲ ಭಾರತೀಯರು ಅಂದರು. ಪ್ರತ್ಯೇಕ ಮತಕ್ಷೇತ್ರ, ಪ್ರತ್ಯೇಕ ವಸತಿ ಕೇಳಿದರು. ವಸತಿಯ ಮಾತಿಗೆ ನಗುವವರಿದ್ದಾರೆ. ಊರಿನವರು ನಮ್ಮನ್ನು ಪ್ರತ್ಯೇಕ ಇಟ್ಟು ಎಷ್ಟು ತಲೆಮಾರು ಆಯಿತು? ಅವರು ಕೇಳಿದ್ದು ಊರಿನ ಹಂಗಿಲ್ಲದ, ಸ್ವಂತ ನೀರು ಸ್ವಂತ ನೆಲದ ಜಾಗ ಎಂದೇ ನಾನು ಓದುತ್ತೇನೆ. ಆದರೂ ಒಂದು ತಕರಾರು ಉಳಿಯುತ್ತದೆ: ಕೂಲಿ, ಭೂಮಿಯ ಪ್ರಶ್ನೆಗಿಂತ ಕುಲದ ಮೂಲದ ಪ್ರಶ್ನೆ ಅವರಲ್ಲಿ ಮುಂದಾಯಿತು, ಸೇನೆ ಒಬ್ಬರ ವರ್ಚಸ್ಸಿನ ಮೇಲೆ ನಿಂತಿತು. 1975ರಲ್ಲಿ ಅವರು ತೀರಿಕೊಂಡ ಮೇಲೆ ಸೊರಗಿತು. ಊರೂರಿಗೆ ಶಾಖೆ ಕಟ್ಟಿ, ಭೂಮಿಗಾಗಿ ಜಾಥಾ ಹೊರಡಿಸಿದ ಸಂಘರ್ಷ ಸಮಿತಿ ಕಲಿಸಿದ್ದು ಇದನ್ನೇ.

ಭಾಲ್ಕಿ, ಔರಾದ್ ಕಡೆಯ ಮಾಸ್ತರರು, ವಿದ್ಯಾರ್ಥಿಗಳು ಒಂದು ಕೆಲಸ ಮಾಡಬಹುದು. 1968ರಲ್ಲಿ ಹುಡುಗರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಗುಲ್ಬರ್ಗಾಕ್ಕೆ ಹೋಗಿದ್ದಿರೇನ್ರಿ, ಏನು ಕೇಳಿದಿರಿ ಎಂದು ಕೇರಿಯ ಹಿರಿಯರನ್ನು ಕೂಡಿಸಿ ಬರೆದುಕೊಳ್ಳಿ. ಆ ಕಾಲದ ಉರ್ದು ಕಾಗದಪತ್ರ ಸಿಕ್ಕರೆ ಓದಲು ನಮ್ಮ ಹುಡುಗರಿಗೆ ಬರುವುದಿಲ್ಲ. ಪಕ್ಕದ ಮೊಹಲ್ಲಾಕ್ಕೆ ಹೋಗಿ ಓದಿಸಿಕೊಳ್ಳಬೇಕು.